ಕೇಳೋ ರಾಶಿ

ಕಣ್ಣಿನ ಆಸ್ಪತ್ರೆಯ ಸ್ಟೋರ್ ಕೋಣೆ ಆಪರೇಷನ್ ಥಿಯೇಟರಿಗೆ ಒತ್ತಿಕೊಂಡೇ ಇತ್ತು. ಒಂದೇ ಕಿಟಕಿ, ಅದರ ಗಾಜಿಗೂ ಬಿಸಿಲು ಬೀಳದ ಹಾಗೆ ಬಿಳಿ ಬಣ್ಣ ಬಳಿದಿದ್ದರು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಮೂಲೆಯಲ್ಲಿ ದಿನವಿಡೀ ಗುಂಯ್ ಎನ್ನುವ ಫ್ರಿಜ್ಜು, ಅದರ ಪಕ್ಕ ಒಂದು ಕಾಲು ಗಿಡ್ಡವಾದ ಸ್ಟೂಲು. ಹದಿನೇಳು ವರ್ಷದಿಂದ ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಸ್ಟೋರ್ ಸಿಸ್ಟರ್ ಎಂದು ಕರೆದು ಕರೆದು, ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಫ್ರಿಜ್ಜಿನೊಳಗೆ ಎರಡು ಟ್ರೇ. ಮೇಲಿನದರ ಮೇಲೆ ‘ಅಳಿಯ’ ಎಂದು ಬರೆದ ಚೀಟಿ, ಕೆಳಗಿನದಕ್ಕೆ ‘ಅತ್ತೆ’. ಹೊಸದಾಗಿ ಬಂದ ಡಾಕ್ಟರುಗಳು ಅದನ್ನು ನೋಡಿ ನಗದೆ ಹೋದದ್ದಿಲ್ಲ.

ಎರಡರಲ್ಲೂ ಇದ್ದದ್ದು ಜೆಲ್. ಕಣ್ಣಿನ ಪೊರೆ ತೆಗೆಯುವಾಗ ಡಾಕ್ಟರು ಕರಿಗುಡ್ಡೆಯ ಅಂಚಿನಲ್ಲಿ ಒಂದು ಸಣ್ಣ ಬಾಗಿಲು ಕೊಯ್ಯುತ್ತಾರೆ. ಕೊಯ್ದ ಕೂಡಲೇ ಒಳಗಿನ ನೀರು ಹೊರಗೆ ಬಂದು, ಕಂಬ ಕಿತ್ತ ಗುಡಾರದ ಹಾಗೆ ಕಣ್ಣು ಕುಸಿಯುತ್ತದೆ. ಕುಸಿಯದಂತೆ ಆ ಜಾಗ ತುಂಬಿ ಹಿಡಿಯುವುದು ಈ ಜೆಲ್. ನೋಡುವುದಕ್ಕೆ ಎಲ್ಲವೂ ಒಂದೇ, ಮೊಟ್ಟೆಯ ಬಿಳಿಯ ಹಾಗೆ. ಗುಣ ಮಾತ್ರ ಬೇರೆ. ಗಟ್ಟಿಯಾದದ್ದು ಬರುವಾಗ ಗತ್ತಿನಿಂದ ಬಂದು ಕೋಣೆ ತುಂಬ ಕೂತುಬಿಡುತ್ತದೆ. ಹೊರಡು ಅಂದರೆ ಒಂದೇ ಏಟಿಗೆ ಇಡಿಯಾಗಿ ಎದ್ದು ಹೊರಡುತ್ತದೆ. ಅದು ಅಳಿಯ. ತೆಳುವಾದದ್ದು ಸದ್ದಿಲ್ಲದೆ ಮೂಲೆಮೂಲೆಗೂ ಹರಡಿ, ಒಳಗೋಡೆಗೆ ಅಂಟಿ, ಏಟು ಬೀಳದಂತೆ ಕಾಪಾಡುತ್ತದೆ. ಆದರೆ ಕಳಿಸಬೇಕಾದರೆ ಸಾಕುಸಾಕಾಗುತ್ತದೆ. ಅದು ಅತ್ತೆ. ಹೆಸರಿಟ್ಟವಳು ಥಿಯೇಟರಿನ ನೆಲ ಒರೆಸುವ ಆಯಮ್ಮ.

"ನಮ್ಮತ್ತೆ ಎಂಟು ದಿನಕ್ಕೆ ಅಂತ ಬಂದೋಳು, ಹನ್ನೊಂದು ವರ್ಷ ಇದ್ದಳು ಸಿಸ್ಟರಮ್ಮಾ," ಎಂದಿದ್ದಳು ಅವಳು, ಒರೆಸುವ ಕೋಲಿಗೆ ಗಲ್ಲ ಊರಿ. "ಇದೂ ಹಂಗೇ ಕಣ್ರೀ. ತೊಳೆದಷ್ಟೂ ಇನ್ನೊಂದು ಸಂದೀಲಿ ಕೂತಿರ್ತದೆ."

ತಮಾಷೆಗೆ ಹುಟ್ಟಿದ ಮಾತು ಕೆಲಸದ ಮಾತಾಗಿಹೋಯಿತು. ದೊಡ್ಡ ಡಾಕ್ಟರು ಸಹ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಕೈ ಮಾತ್ರ ಚಾಚಿ, "ಯಾರ್ರೀ ಬಂದಿರೋದು ಇವತ್ತು?" ಎಂದು ಕೇಳುವರು. "ಅಳಿಯ, ಡಾಕ್ಟ್ರೇ," ಎಂದರೆ ಕೊನೆಗೆ ಅರ್ಧ ನಿಮಿಷ ತೊಳೆಯುವರು. "ಅತ್ತೆ" ಎಂದರೆ ಎರಡು ನಿಮಿಷ, ಕೂರಿಸಿದ ಹೊಸ ಲೆನ್ಸಿನ ಬೆನ್ನ ಹಿಂದಕ್ಕೂ ಕೊಳವೆ ತೂರಿಸಿ. ತೊಳೆಯಲೇಬೇಕು. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಸಣ್ಣದೊಂದು ಜರಡಿಯ ಮೂಲಕ ಇಳಿದುಹೋಗುತ್ತಲೂ ಇರುತ್ತದೆ. ಜೆಲ್ ಉಳಿದರೆ ಆ ಜರಡಿ ಕಟ್ಟಿಕೊಳ್ಳುತ್ತದೆ. ನೀರು ನಿಂತು, ಒತ್ತಡ ಏರಿ, ಹಿಂದಿನ ನರವನ್ನು ಹಿಂಡುತ್ತದೆ. ಗಟ್ಟಿಮುಟ್ಟಾದ ಕಣ್ಣು ಒಂದು ದಿನ ನರಳಿ ಸುಧಾರಿಸಿಕೊಳ್ಳುತ್ತದೆ. ಮೊದಲೇ ಸೋತ ಕಣ್ಣಿಗೆ ಆ ಒಂದು ದಿನ ಸಾಕು.

ಇಷ್ಟೆಲ್ಲ ಗೊತ್ತಿದ್ದುದರಿಂದಲೇ ಸಿಸ್ಟರ್ ಯಾವ ಹೊಸ ಜೆಲ್ ಬಂದರೂ ಸುಮ್ಮನೆ ಟ್ರೇಗೆ ಹಾಕುತ್ತಿರಲಿಲ್ಲ. ಡಬ್ಬಿಯೊಳಗಿನ ವಿವರದ ಕಾಗದ ಓದುವಳು, ಮುಖ್ಯವಾದದ್ದನ್ನು ಗೆರೆ ಹಾಕಿದ ನೋಟ್‌ಬುಕ್ಕಿಗೆ ಇಳಿಸುವಳು. ಆಮೇಲೆ ಒಂದು ಬಟ್ಟಲು ನೀರಿನಲ್ಲಿ ಒಂದು ತೊಟ್ಟು ಬಿಟ್ಟು ಕಡ್ಡಿಯಿಂದ ಮೆಲ್ಲಗೆ ದೂಡಿ ನೋಡುವಳು. ಉಂಡೆಯಾಗಿ ಸರಿದರೆ ಅಳಿಯ. ಚದುರಿ ಕಲಸಿಕೊಂಡರೆ ಅತ್ತೆ.

ಈ ಪರೀಕ್ಷೆಯನ್ನು ಅವಳಿಗೆ ಯಾವ ನರ್ಸಿಂಗ್ ಶಾಲೆಯೂ ಕಲಿಸಿರಲಿಲ್ಲ. ವಿಂಗಡಿಸುವುದನ್ನು ಕಲಿಸಿದವಳು ಅಕ್ಕ.

ಅವ್ವ ತೀರಿಕೊಂಡಾಗ ಸಿಸ್ಟರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಅಕ್ಕ ಬೀಜದ ಗೋದಾಮಿಗೆ ಕಾಳು ಆರಿಸುವ ಕೆಲಸಕ್ಕೆ ಸೇರಿದಳು. ಬಿತ್ತನೆಗೆ ಹೋಗುವ ಕಾಳು ಬೇರೆ, ತಿನ್ನುವುದಕ್ಕೆ ಹೋಗುವ ಕಾಳು ಬೇರೆ. ತಂಗಿಯನ್ನು ಬಿಟ್ಟು ಬರುವ ಜಾಗವಿರಲಿಲ್ಲವಾದ್ದರಿಂದ ಪಕ್ಕದಲ್ಲೇ ಕೂರಿಸಿಕೊಂಡು, ಕೈ ಸುಮ್ಮನಿರಬಾರದೆಂದು ಒಂದು ಹಿಡಿ ಅವಳ ಮುಂದೂ ಸುರಿಯುತ್ತಿದ್ದಳು. "ಮೊದಲು ಕಣ್ಣಲ್ಲಿ ನೋಡು ಗುಬ್ಬೀ, ಆಮೇಲೆ ಬೆರಳಲ್ಲಿ ನೋಡು. ಈ ಕಡೆ ಒಳ್ಳೇದು, ಆ ಕಡೆ ಕೆಟ್ಟದ್ದು. ಯಾವುದು ಅಂತ ಗೊತ್ತಾಗದ್ದನ್ನ ನಡುವೆ ಇಡು. ಅದು ಕೇಳೋ ರಾಶಿ. ಸಾಯಂಕಾಲ ನನ್ನ ಕೇಳು, ನಾನು ಮೇಸ್ತ್ರೀನ ಕೇಳ್ತೀನಿ." ಗುಬ್ಬಿಯ ಕೇಳೋ ರಾಶಿ ಯಾವಾಗಲೂ ಉಳಿದೆರಡಕ್ಕಿಂತ ದೊಡ್ಡದಾಗಿರುತ್ತಿತ್ತು. ಅಕ್ಕ ಒಂದು ದಿನವೂ ಬೇಸರ ಮಾಡಿಕೊಳ್ಳದೆ ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿದು ಹೇಳುವಳು.

ಆ ಕಾಳಿನ ಸಂಬಳದಲ್ಲೇ ಗುಬ್ಬಿ ನರ್ಸಾದಳು. "ಊರಿಗೆಲ್ಲ ಸಿಸ್ಟರು ಇವಳು, ನನ್ನೊಬ್ಬಳಿಗೆ ಗುಬ್ಬಿ," ಎಂದು ಅಕ್ಕ ಬಂದವರಿಗೆಲ್ಲ ಹೇಳುವುದಿತ್ತು. ಅಕ್ಕ ಮದುವೆಯಾಗಲಿಲ್ಲ, ಯಾಕೆಂದು ತಂಗಿ ಕೇಳಲೂ ಇಲ್ಲ. ಸದ್ದು ಮಾಡದೆ ಬರುವ ಕಣ್ಣಿನ ಒತ್ತಡದ ಕಾಯಿಲೆ, ಗ್ಲಾಕೋಮಾ, ಅಕ್ಕನ ಎಡಗಣ್ಣನ್ನು ಯಾರಿಗೂ ತಿಳಿಯದಂತೆ ತಿಂದು ಮುಗಿಸಿ, ಬಲಗಣ್ಣಿಗೂ ಕೈಹಾಕಿದ ಮೇಲೆಯೇ ಆಸ್ಪತ್ರೆಗೆ ಬಂದಿತ್ತು ಸುದ್ದಿ. ಹನಿ ಔಷಧಿ ಹಾಕಿ ಹಾಕಿ ನಡುವೆ ಒಂದು ಕಿಂಡಿಯಷ್ಟು ನೋಟ ಉಳಿಸಿದ್ದರು. ಆ ಕಿಂಡಿಯಲ್ಲೇ ಅಕ್ಕ ಕಾಳು ಆರಿಸುತ್ತಿದ್ದಳು, ಒಂದು ಸಲಕ್ಕೆ ಒಂದು ಕಾಳು. ಈಗ ಅದರ ಮೇಲೂ ಪೊರೆ ಬಂದು ಮಂಜು ಕವಿದಿತ್ತು.

"ಬೇಡ ಬಿಡೇ. ಕಾಣೋವಷ್ಟು ದಿನ ಕಾಣಲಿ," ಎಂದು ಅಕ್ಕ ಎರಡು ವರ್ಷ ತಳ್ಳಿದ್ದಳು.

"ಪೊರೆ ತೆಗೆದ್ರೆ ಕಿಂಡಿ ತೊಳೆದಂಗಾಗ್ತದೆ ಅಕ್ಕಾ. ನಮ್ಮ ಡಾಕ್ಟ್ರೇ ಮಾಡ್ತಾರೆ. ನಾನೇ ಪಕ್ಕದಲ್ಲಿರ್ತೀನಿ. ಇನ್ನೇನು ಬೇಕು ನಿನಗೆ?"

ಇನ್ನೇನು ಬೇಕೆಂದು ಅಕ್ಕನಿಗೂ ತೋಚಲಿಲ್ಲ. ಒಪ್ಪಿಕೊಂಡಳು.

ಅಕ್ಕ ಆಸ್ಪತ್ರೆಗೆ ಸೇರುವ ದಿನವೇ ಜೆಲ್ ಕಂಪನಿಯವನು ಬಂದ. ನೋಡಿ ಎಂದು ಮೂರು ಡಬ್ಬಿ ಹೊಸ ಜೆಲ್ ಕೊಟ್ಟ. "ಇದರಷ್ಟು ಗಟ್ಟಿ ಇನ್ನೊಂದಿಲ್ಲ ಸಿಸ್ಟರ್. ಕಣ್ಣಿಗೆ ದಿಂಬಿಟ್ಟ ಹಾಗೆ," ಎಂದು ಹೇಳಿ, ಇನ್ನೊಂದು ಆಸ್ಪತ್ರೆಗೆ ಹೊತ್ತಾಯಿತೆಂದು ಹೊರಟುಹೋದ. ಸಿಸ್ಟರ್ ಒಂದು ಡಬ್ಬಿ ಒಡೆದಳು. ಒಳಗಿನ ಕಾಗದ ಬಿಡಿಸಿದರೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಬ್ಯಾಗಿನಲ್ಲಿ, ಬ್ಯಾಗು ಹೊರಗಿನ ಕೋಣೆಯಲ್ಲಿ. ಆಮೇಲೆ ಓದೋಣವೆಂದು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬಟ್ಟಲಿನ ನೀರಿಗೆ ಒಂದು ತೊಟ್ಟು ಬಿಟ್ಟು ಕಡ್ಡಿಯಿಂದ ದೂಡಿದಳು. ಉಂಡೆ ಅಲುಗದೆ ನಿಂತಿತು; ಇನ್ನಷ್ಟು ದೂಡಿದಾಗ ರಾಜಠೀವಿಯಿಂದ ಇಡಿಯಾಗಿ ಸರಿಯಿತು. ಇಂಥ ಅಳಿಯನನ್ನು ಅವಳು ಕಂಡೇ ಇರಲಿಲ್ಲ. ಉಂಡೆಯ ಅಂಚಿನಲ್ಲಿ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಕಂಡ ಹಾಗಾಯಿತು. ಅಳಿಯ ಎಂದೂ ಬಿರುಕು ಬಿಡುವುದಿಲ್ಲವಲ್ಲ ಎಂದುಕೊಂಡು, ಇನ್ನೊಮ್ಮೆ ನೋಡಲು ಬಗ್ಗುವಷ್ಟರಲ್ಲಿ ಆಯಮ್ಮ ಬಾಗಿಲಲ್ಲಿ ತಲೆ ಹಾಕಿದಳು.

"ಸಿಸ್ಟರಮ್ಮಾ, ನಿಮ್ಮಕ್ಕ ಬಸ್ಸಿಳಿದು ಗೇಟಿನ ಹತ್ರ ನಿಂತವ್ರೆ. ಯಾವ ಕಡೆ ಬರ್ಬೇಕು ಅಂತ ಗೋಡೆ ಸವರ್ತಾವ್ರೆ, ಓಡಿ."

ಸಿಸ್ಟರ್ ಉಳಿದ ಎರಡು ಡಬ್ಬಿಗಳನ್ನು ಅಳಿಯನ ಟ್ರೇಗೆ ಹಾಕಿ ಓಡಿದಳು. ಒಂದರ ಮೇಲೆ ಪೆನ್ನಿನಿಂದ ‘ಅಕ್ಕನಿಗೆ’ ಎಂದು ಬರೆಯುವುದನ್ನು ಮಾತ್ರ ಮರೆಯಲಿಲ್ಲ. ಇದ್ದುದರಲ್ಲಿ ಒಳ್ಳೆಯದು ಅಕ್ಕನ ಕಣ್ಣಿಗೆ ಬೀಳಬೇಕಲ್ಲವೇ? ಸಾಯಂಕಾಲ ಏಪ್ರನ್ನು ಜೇಬಿನ ಕಾಗದದ ಸಮೇತ ಬಟ್ಟೆ ಒಗೆಯುವವರ ಗಂಟಿಗೆ ಸೇರಿತು.

ಮಾರನೆಯ ಬೆಳಿಗ್ಗೆ ಆಪರೇಷನ್ ಎಷ್ಟು ಚೆನ್ನಾಗಿ ಆಯಿತೆಂದರೆ, ಡಾಕ್ಟರು ನಡುವೆ ಸಣ್ಣಗೆ ಹಾಡು ಸಹ ಗುನುಗಿದರು. ಅವರು ಗುನುಗಿದರೆ ಕೈ ಹಿಡಿತದಲ್ಲಿದೆ ಎಂದು ಅರ್ಥ.

"ಹೊಸದಾ ಇದು?" ಎಂದರು ಸಿರಿಂಜು ತೆಗೆದುಕೊಳ್ಳುತ್ತ.

"ಹೂಂ ಡಾಕ್ಟ್ರೇ. ಒಳ್ಳೇದಂತೆ."

"ಯಾರ ಪೈಕಿ?"

"ಅಳಿಯನ ಪೈಕಿ."

"ಬರಲಿ ಬರಲಿ," ಎಂದರು ಡಾಕ್ಟರು. ಬಟ್ಟೆಯ ಅಡಿಯಿಂದ ಅಕ್ಕ, "ಯಾರ ಮನೆ ಅಳಿಯ?" ಎಂದು ಕೇಳಿದಳು. ಥಿಯೇಟರಿನಲ್ಲಿದ್ದವರೆಲ್ಲ ನಕ್ಕರು. "ಮಾತಾಡಬೇಡ ಅಕ್ಕ, ಕಣ್ಣು ಅಲುಗುತ್ತೆ," ಎಂದು ಸಿಸ್ಟರ್ ಗದರಿದಳು. ಕೊನೆಯಲ್ಲಿ ಡಾಕ್ಟರು ಅಳಿಯನಿಗೆ ಸಲ್ಲುವಷ್ಟು, ಅರ್ಧ ನಿಮಿಷ, ತೊಳೆದರು. ಪಟ್ಟಿ ಕಟ್ಟಿದರು.

ವಾರ್ಡಿಗೆ ಬಿಟ್ಟು ಬರುವಾಗ ಸಿಸ್ಟರ್ ದಿನವೂ ಎಲ್ಲರಿಗೂ ಹೇಳುವ ಮಾತನ್ನೇ ಅಕ್ಕನಿಗೂ ಹೇಳಿದಳು: "ಸ್ವಲ್ಪ ನೋವಿರುತ್ತೆ, ಗಾಬರಿಯಾಗಬೇಡ."

ಮರುದಿನ ಎಂಟೂವರೆಗೆ ಪಟ್ಟಿ ಬಿಚ್ಚುವಾಗ ಅಕ್ಕನ ಮುಖ ಊದಿಕೊಂಡಿತ್ತು. ಹಾಸಿಗೆಯ ಪಕ್ಕದ ಬೋಗುಣಿಯಲ್ಲಿ ವಾಂತಿ ಮಾಡಿ ಟವೆಲ್ಲು ಮುಚ್ಚಿದ್ದಳು. ಸಿಸ್ಟರ್ ಪಟ್ಟಿಯ ಅಂಟು ಬಿಡಿಸಿದಳು, ಹತ್ತಿ ತೆಗೆದಳು, ರೆಪ್ಪೆಯನ್ನು ಒದ್ದೆ ಹತ್ತಿಯಿಂದ ಒರೆಸಿದಳು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಕರಿಗುಡ್ಡೆಯ ಮೇಲೆ ಉಸಿರು ತಾಗಿದ ಗಾಜಿನಂಥ ಮಬ್ಬು.

ಡಾಕ್ಟರು ಎದುರು ಸ್ಟೂಲಿನಲ್ಲಿ ಕೂತು ಕೈ ಎತ್ತಿದರು. "ಎಷ್ಟು ಬೆರಳಮ್ಮಾ?"

ಅಕ್ಕ ಅವರ ದನಿ ಬಂದ ಕಡೆಗೆ ಮುಖ ತಿರುಗಿಸಿ ಕಾದಳು. ಸ್ವಲ್ಪ ಹೊತ್ತು ಕಾದು, ವಿನಯದಿಂದ, "ಪಟ್ಟಿ ಬಿಚ್ಚಲಿ ಡಾಕ್ಟ್ರೇ, ಆಮೇಲೆ ಹೇಳ್ತೀನಿ," ಎಂದಳು.

ಅಕ್ಕ ತಾನೇ ಕೈ ಎತ್ತಿ ಕಣ್ಣು ಮುಟ್ಟಿಕೊಂಡಳು. ಬೆರಳಿಗೆ ರೆಪ್ಪೆಯ ಕೂದಲು ಸಿಕ್ಕಿತು. ಕೈ ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡಳು.

ಒತ್ತಡ ಅಳೆದರೆ ಮುಳ್ಳು ಇರಬಾರದ ಕಡೆ ನಿಂತಿತ್ತು. ಡಾಕ್ಟರು ಓಡಾಡಿದರು. ನೀರು ಇಳಿಸಿದರು, ಸೂಜಿ ಹಾಕಿದರು, ಥಿಯೇಟರಿಗೆ ಮತ್ತೆ ಒಯ್ದು ತೊಳೆದರು. ಲೆನ್ಸಿನ ಬೆನ್ನ ಹಿಂದೆ, ಮೂಲೆಯಲ್ಲಿ, ಒಡೆದ ಗಾಜಿನ ಚೂರುಗಳಂತೆ ಜೆಲ್ ಕೂತಿತ್ತು. ಸಂಜೆಯ ಹೊತ್ತಿಗೆ ಒತ್ತಡ ಇಳಿಯಿತು, ನೋವು ಹೋಯಿತು. ನೋಟ ಮಾತ್ರ ಬರಲಿಲ್ಲ. ಒಂದು ವಾರ ಕಾದರು, ಎರಡು ವಾರ ಕಾದರು.

"ನೋವು ಅಂತ ಯಾಕಮ್ಮಾ ಯಾರನ್ನೂ ಕೂಗಲಿಲ್ಲ?" ಎಂದು ಡಾಕ್ಟರು ಕೇಳಿದ್ದರು.

"ಸ್ವಲ್ಪ ನೋವಿರುತ್ತೆ ಅಂದಿದ್ದಳು ನಮ್ಮ ಗುಬ್ಬಿ," ಎಂದಿದ್ದಳು ಅಕ್ಕ. "ಸ್ವಲ್ಪ ಅಂದ್ರೆ ಎಷ್ಟು ಅಂತ ನನಗೇನು ಗೊತ್ತು? ಅವಳಿಗೆ ಹೆಸರು ಕೆಡಬಾರದು ಅಂತ ತಡ್ಕೊಂಡೆ."

ಮೂರನೆಯ ವಾರ ಡಾಕ್ಟರು ಸ್ಟೋರ್ ಕೋಣೆಗೆ ಬಂದರು. ಸಿಸ್ಟರ್ ಬಟ್ಟಲಿನ ಮುಂದೆ ಕೂತಿದ್ದಳು, ಮೂಗಿನ ಮೇಲೆ ಕನ್ನಡಕ. ಮೇಜಿನ ಮೇಲೆ ಮೂರನೆಯ ಡಬ್ಬಿ, ಅದರ ಕಾಗದ ಬಿಚ್ಚಿಟ್ಟಿತ್ತು.

"ಕೊನೇ ಹಂತದ ನರ ಸಿಸ್ಟರ್, ಅಂಥ ಕಣ್ಣಲ್ಲಿ ಏನೂ ತಪ್ಪಾಗದಿದ್ರೂ ಹೀಗಾಗೋದುಂಟು," ಎಂದರು ಡಾಕ್ಟರು. "ಯಾರ ತಪ್ಪೂ ಅಲ್ಲ."

ಸಿಸ್ಟರ್ ಬಟ್ಟಲಿಗೆ ಒಂದು ತೊಟ್ಟು ಬಿಟ್ಟಳು. ಕಡ್ಡಿಯಿಂದ ಮೆಲ್ಲಗೆ ದೂಡಿದಳು. ಉಂಡೆ ಇಡಿಯಾಗಿ ಸರಿಯಿತು. ಆಮೇಲೆ ಖಾಲಿ ಸಿರಿಂಜಿನಲ್ಲಿ ನೀರು ಎಳೆದುಕೊಂಡು, ಆಪರೇಷನ್ನಿನಲ್ಲಿ ತೊಳೆಯುವಾಗ ಎಷ್ಟು ರಭಸವಿರುತ್ತದೋ ಅಷ್ಟೇ ರಭಸದಿಂದ ಉಂಡೆಯ ಮೇಲೆ ಬಿಟ್ಟಳು. ಉಂಡೆ ಫಳ್ಳನೆ ಒಡೆದು ಚೂರುಚೂರಾಗಿ ಬಟ್ಟಲಿನ ಅಂಚಿಗೆಲ್ಲ ಹೋಗಿ ಕೂತಿತು.

"ಇದು ಅಳಿಯನೂ ಅಲ್ಲ, ಅತ್ತೆಯೂ ಅಲ್ಲ ಡಾಕ್ಟ್ರೇ. ಮೂರನೇ ಜಾತಿ," ಎಂದಳು. "ಮೆಲ್ಲಗೆ ಮುಟ್ಟಿದ್ರೆ ಹಾಗೆ, ಜೋರಾಗಿ ಮುಟ್ಟಿದ್ರೆ ಹೀಗೆ. ಇಲ್ಲಿ ಬರೆದಿದ್ದಾರೆ, ಲೆನ್ಸಿನ ಹಿಂದೆ ಹೋಗಿ ಹುಡುಕಿ ತೊಳೀಬೇಕು ಅಂತ. ದಪ್ಪ ಅಕ್ಷರದಲ್ಲೇ ಬರೆದಿದ್ದಾರೆ. ನಾನು ಮೆಲ್ಲಗೆ ಮಾತ್ರ ಮುಟ್ಟಿ ನೋಡಿದೆ."

ಡಾಕ್ಟರು ಬಗ್ಗಿ ಬಟ್ಟಲಿನ ಅಂಚಿನ ಚೂರುಗಳನ್ನು ನೋಡಿದರು. "ನಾನೂ ಯಾರ ಪೈಕಿ ಅಂತ ಕೇಳಿದೆನೇ ಹೊರತು, ಏನು ಅಂತ ಕೇಳಲಿಲ್ಲ," ಎಂದರು. "ವರದಿ ಬರೀತೀನಿ. ನನ್ನ ಹೆಸರೂ ಹಾಕಿ ಬರೀತೀನಿ. ನಿಮ್ಮಕ್ಕನಿಗೆ ನಾನೇ ಹೇಳ್ಲಾ?"

"ಬೇಡ," ಎಂದಳು ಸಿಸ್ಟರ್.

ಡಾಕ್ಟರು ಹೋದ ಮೇಲೆ ಅವಳು ಟ್ರೇಗಳ ಎರಡೂ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದಳು. ಅಂಟು ಹೋಗಲಿಲ್ಲ. ಆಯಮ್ಮ ಸ್ಪಿರಿಟ್ಟಿನ ಹತ್ತಿ ತಂದುಕೊಟ್ಟು, ಬಂದ ದಾರಿಯಲ್ಲೇ ಹೋದಳು.

ಅಕ್ಕ ಈಗ ತಂಗಿಯ ಮನೆಯಲ್ಲೇ ಇದ್ದಳು. ಎರಡು ಕೋಣೆಯ ಮನೆ; ಬಾಗಿಲಿನಿಂದ ನಲ್ಲಿಗೆ ಒಂಬತ್ತು ಹೆಜ್ಜೆ, ನಲ್ಲಿಯಿಂದ ಒಲೆಗೆ ನಾಲ್ಕು ಎಂದು ಮೊದಲ ದಿನವೇ ಲೆಕ್ಕ ಇಟ್ಟುಕೊಂಡಿದ್ದಳು. ಕೆಲಸವಿಲ್ಲದೆ ಕೂರಲಾಗದೆ ಅಂಗಡಿಯಿಂದ ಕಾಳು ತರಿಸಿ, ಅಡುಗೆಗೆಂದು ಮೊದಲೇ ಆರಿಸಿ ಬಂದ ಕಾಳನ್ನು ಮತ್ತೆ ಆರಿಸುತ್ತಿದ್ದಳು. ಅವತ್ತು ಮಧ್ಯಾಹ್ನ ತಂಗಿ ರಜೆ ಹಾಕಿ ಬೇಗ ಬಂದಾಗ ಅಕ್ಕ ಕಿಟಕಿಯ ಕೆಳಗೆ ಕಾಲು ಚಾಚಿ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡಿದ್ದಳು. ಬೆಳಕಿಗೆ ಬೆನ್ನು ಮಾಡಿ ಕೂತಿದ್ದಳು. ಯಾವ ಕಡೆಯಾದರೂ ಈಗ ಅವಳಿಗೆ ಒಂದೇ.

"ಏನೇ, ಇಷ್ಟು ಬೇಗ? ಹೊರಗೆ ಹಾಕಿದ್ರಾ?"

"ಇಲ್ಲ ಅಕ್ಕ." ಅವಳು ಎದುರಿಗೆ ನೆಲದ ಮೇಲೇ ಕೂತಳು. "ಅಕ್ಕಾ, ನಿನ್ನ ಕಣ್ಣಿಗೆ ಹಾಕಿದ್ರಲ್ಲ ಆ ಜೆಲ್, ಅದನ್ನ ವಿಂಗಡಿಸಿದ್ದು ನಾನು. ತಪ್ಪು ಟ್ರೇಗೆ ಹಾಕಿದೆ. ನಾನು ಹೇಳಿದ್ದನ್ನ ನಂಬಿ ಡಾಕ್ಟ್ರು ಕಮ್ಮಿ ತೊಳೆದ್ರು. ಅದಕ್ಕೇ ಹೀಗಾಯ್ತು."

ಅಕ್ಕನ ಕೈ ನಿಂತಿತು. ತಟ್ಟೆಯಲ್ಲಿ ಮೂರು ರಾಶಿಗಳಿದ್ದವು. ನಡುವಿನದು ಬಲು ಚಿಕ್ಕದು.

"ಎಷ್ಟು ರಾಶಿ ಮಾಡಿದ್ದೆ?" ಎಂದಳು ಅಕ್ಕ.

"ಎರಡೇ."

"ಅನುಮಾನ ಬಂದಿತ್ತಾ?"

ಇದನ್ನು ಡಾಕ್ಟರು ಕೇಳಿರಲಿಲ್ಲ. ವರದಿಯ ಹಾಳೆಯಲ್ಲೂ ಇದಕ್ಕೆ ಜಾಗವಿರಲಿಲ್ಲ. ಇಲ್ಲ ಎಂದರೆ ನಂಬುತ್ತಿದ್ದಳು ಅಕ್ಕ. ತಂಗಿಗೆ ಬಟ್ಟಲಿನ ನೀರು, ಅದರೊಳಗಿನ ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಕಟ್ಟಿತು.

"ಬಂದಿತ್ತು."

"ಮತ್ತೆ?"

"ನೀನು ಗೇಟಿನ ಹತ್ರ ಗೋಡೆ ಸವರ್ತಾ ನಿಂತಿದ್ದೀಯ ಅಂದ್ರು. ಬಿಟ್ಟು ಓಡಿ ಬಂದೆ."

ಅಕ್ಕ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ. ಆ ಕಣ್ಣು ಈಗ ಸುಮ್ಮನೆಯೂ ನೀರು ಸುರಿಸುತ್ತಿತ್ತು. "ನಾನು ನಿಂತಿರ್ತಿದ್ದೆ ಕಣೇ," ಎಂದಳು. "ಗೋಡೆ ಹಿಡ್ಕೊಂಡು ಇನ್ನರ್ಧ ಗಂಟೆ ನಿಂತಿರ್ತಿದ್ದೆ. ನನಗೇನು ಅವಸರ ಇತ್ತು?" ಆಮೇಲೆ, "ಕಾಣೋವಷ್ಟು ದಿನ ಕಾಣಲಿ ಬಿಡು ಅಂದಿದ್ದೆ ನಾನು," ಎಂದಳು. ಆ ದನಿಯಲ್ಲಿ ತಂಗಿ ಹುಟ್ಟಿದಾಗಿನಿಂದ ಕೇಳದ ಒಂದು ಬಿರುಸಿತ್ತು.

ತಂಗಿ ತಲೆ ತಗ್ಗಿಸಿ ಕೂತಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದ್ದು ಹೋಗು ಎಂದು ಅಕ್ಕ ಹೇಳಿದ್ದರೆ ಎದ್ದು ಹೋಗುತ್ತಿದ್ದಳು. ಹೋಗಲಿ ಬಿಡು ಎಂದಿದ್ದರೆ ಅಕ್ಕನ ಕಾಲ ಮೇಲೆ ಬಿದ್ದು ಅಳುತ್ತಿದ್ದಳು. ಅಕ್ಕ ಎರಡನ್ನೂ ಹೇಳಲಿಲ್ಲ.

ತಟ್ಟೆಯಲ್ಲಿ ಮತ್ತೆ ಬೆರಳು ಆಡಿದ ಸದ್ದಾಯಿತು. ಅಕ್ಕ ನಡುವಿನ ರಾಶಿಯಿಂದ ಒಂದು ಕಾಳನ್ನು ಎತ್ತಿ, ಹೆಬ್ಬೆರಳಿನಿಂದ ಎರಡು ಸಲ ತಿರುವಿ, ತಂಗಿ ಇದ್ದ ಕಡೆಗೆ ಅಂಗೈ ಚಾಚಿದಳು.

"ಇದು ಬರೀ ಸುಕ್ಕೋ, ಹುಳು ಹೊಡೆದಿದೆಯೋ ನೋಡು. ಬೆರಳಿಗೆ ಗೊತ್ತಾಗ್ತಿಲ್ಲ."

ತಂಗಿ ಕಾಳನ್ನು ತೆಗೆದುಕೊಂಡಳು. ಕಣ್ಣು ಮಂಜಾಗಿತ್ತು. "ಸುಕ್ಕು ಅಕ್ಕ," ಎಂದಳು.

"ಸರಿಯಾಗಿ ನೋಡಿದ್ಯಾ?"

ತಂಗಿ ಎದ್ದಳು. ಬ್ಯಾಗಿನಿಂದ ಕನ್ನಡಕ ತೆಗೆದು, ಸೀರೆಯ ಸೆರಗಿನಲ್ಲಿ ಮೊದಲು ಕಣ್ಣನ್ನೂ ಆಮೇಲೆ ಗಾಜನ್ನೂ ಒರೆಸಿಕೊಂಡು ಹಾಕಿಕೊಂಡಳು. ಕಿಟಕಿಯ ಹತ್ತಿರ ಹೋಗಿ ಕಾಳನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು ತಿರುಗಿಸಿದಳು. ಸುಕ್ಕಿನ ಮಡಿಕೆಯೊಳಗೆ, ಸೂಜಿಯ ಮೊನೆ ಊರಿದಷ್ಟು, ಒಂದು ತೂತಿತ್ತು.

"ಹುಳು ಇದೆ ಅಕ್ಕ."

"ಹಾಗಾದ್ರೆ ಆ ಕಡೆಗೆ ಹಾಕು," ಎಂದಳು ಅಕ್ಕ. ಅಂಗೈಯನ್ನು ಹಿಂದಕ್ಕೆಳೆದು, ನಡುವಿನ ರಾಶಿಯಲ್ಲಿ ತಡಕಾಡಿ, ಇನ್ನೊಂದು ಕಾಳನ್ನು ಎತ್ತಿ ಹಿಡಿದಳು. "ಇದು?"